ಉಪಗ್ರಹ ಇರುವಾಗ ಚಂಡಮಾರುತದ ಒಳಗೆ ವಿಮಾನ ಯಾಕೆ ಹೋಗಬೇಕು?

ದೋಣಿಮನೆ_ಹುಡುಗ
ಎಲ್ಲರಿಗೂ ನಮಸ್ಕಾರ. ಮೆಲಿಸ್ಸಾ ಚಂಡಮಾರುತ ಜಮೈಕಾಗೆ ಬಡಿದಾಗ ಅಮೆರಿಕದ ವಿಮಾನವೊಂದು ಅದರ ಕಣ್ಣಿನೊಳಗೆ, ಅಂದರೆ ನಟ್ಟನಡುವಿನ ಶಾಂತ ಜಾಗಕ್ಕೆ ಹೋಗಿ ತೆಗೆದ ವಿಡಿಯೋ ನೋಡಿದೆ. ಸುತ್ತಲೂ ಮೋಡದ ಗೋಡೆ, ಮೇಲೆ ನೀಲಿ ಆಕಾಶ. ದೊಡ್ಡ ಕ್ರಿಕೆಟ್ ಮೈದಾನದ ನಡುವೆ ನಿಂತು ಸುತ್ತ ಗ್ಯಾಲರಿ ನೋಡಿದ ಹಾಗಿತ್ತು. ಮೂರು ಸಲ ನೋಡಿದೆ.

ಅಪ್ಪನಿಗೂ ತೋರಿಸಿದೆ. ಅಪ್ಪ ನಲವತ್ತು ವರ್ಷ ಮರವಂತೆ, ಗಂಗೊಳ್ಳಿ ಕಡೆ ದೋಣಿಯಲ್ಲಿ ಹೋದವರು. ಆಕಾಶ ಕಪ್ಪಾದರೆ ದಡಕ್ಕೆ ಬರಬೇಕು ಎಂದು ನಮಗೆ ಹೇಳಿಕೊಟ್ಟವರು. ಅವರು ಕೇಳಿದ್ದು ಒಂದೇ ಮಾತು: "ಬೇಕಂತಲೇ ಒಳಗೆ ಹೋಗುವುದು ಯಾಕೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಉಪಗ್ರಹ ಮೇಲಿಂದ ಎಲ್ಲ ನೋಡುತ್ತದೆ ಅಲ್ವಾ? ಡ್ರೋನ್ ಇದೆ, ರೇಡಾರ್ ಇದೆ. ಹತ್ತು ಹದಿನೈದು ಜನರ ಜೀವ ಪಣಕ್ಕಿಟ್ಟು ಈಗಲೂ ಹೋಗುವ ಅಗತ್ಯ ಏನು? ಅಗತ್ಯ ಇದೆ ಎಂದಾದರೆ ನಮ್ಮ ಅರಬ್ಬಿ ಸಮುದ್ರದ ಚಂಡಮಾರುತದೊಳಗೆ ಯಾಕೆ ಯಾರೂ ಹೋಗುವುದಿಲ್ಲ? ಗೊತ್ತಿರುವವರು ಹೇಳಿ.

ಮಲ್ಲಿಗೆ_ಉಡುಪಿ
ಅಪ್ಪನ ಪ್ರಶ್ನೆಯೇ ನನ್ನ ಪ್ರಶ್ನೆ. ಆ ವಿಡಿಯೋ ನೋಡಿ ನನ್ನ ಎದೆ ಬಡಿದುಕೊಂಡಿತು.

ರೆಕ್ಕೆ_ಇಂಜಿನಿಯರ್
ಒಳ್ಳೆಯ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ವಿಮಾನದ ರಚನೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹವಾಮಾನ ನನ್ನ ಕ್ಷೇತ್ರ ಅಲ್ಲ, ಆದರೆ ಈ ವಿಮಾನಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ.

ಉಪಗ್ರಹಕ್ಕೆ ಕಾಣುವುದು ಮೋಡದ ಮೇಲ್ಭಾಗ. ಮನೆಯ ಹೆಂಚು ನೋಡಿ ಒಳಗೆ ಅಡುಗೆ ಏನು ಎಂದು ಹೇಳಿದ ಹಾಗೆ. ಮೋಡ ಯಾವ ಆಕಾರದಲ್ಲಿ ಸುತ್ತಿದೆ, ಅದರ ತುದಿ ಎಷ್ಟು ತಣ್ಣಗಿದೆ, ಕಣ್ಣು ಎಷ್ಟು ಬೆಚ್ಚಗಿದೆ, ಇದನ್ನೆಲ್ಲ ನೋಡಿ ಗಾಳಿಯ ವೇಗ ಇಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ಈ ವಿಧಾನವನ್ನು 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ರೂಪಿಸಿದರು. ಬಹಳ ಒಳ್ಳೆಯ ವಿಧಾನ, ಜಗತ್ತೆಲ್ಲ ಬಳಸುತ್ತದೆ. ಆದರೂ ಅದು ಅಂದಾಜು. ಸಮುದ್ರದ ಮಟ್ಟದಲ್ಲಿ ಒತ್ತಡ ಎಷ್ಟು, ಅಲ್ಲಿ ನಿಜವಾಗಿ ಗಾಳಿ ಎಷ್ಟು ಎಂದು ತಿಳಿಯಬೇಕಾದರೆ ಅಲ್ಲಿಗೇ ಒಂದು ಉಪಕರಣ ಹೋಗಬೇಕು.

ವಿಮಾನ ಮಾಡುವುದು ಅದನ್ನೇ. ಡ್ರಾಪ್‌ಸಾಂಡ್ ಎಂಬ ಕೊಳವೆಯನ್ನು ಕೆಳಗೆ ಬಿಡುತ್ತಾರೆ. ಮೊಳದುದ್ದಕ್ಕಿಂತ ಚಿಕ್ಕದು, ಹಗುರ. ಪುಟ್ಟ ಪ್ಯಾರಾಚೂಟ್ ಇರುತ್ತದೆ. ಬೀಳುತ್ತಾ ಒತ್ತಡ, ಉಷ್ಣತೆ, ತೇವಾಂಶ ಅಳೆಯುತ್ತದೆ. ಜಿಪಿಎಸ್‌ನಿಂದ ತಾನು ಎತ್ತ ತೇಲಿದೆ ಎಂದು ಹೇಳುತ್ತದೆ, ಅದರಿಂದ ಗಾಳಿಯ ವೇಗ ಸಿಗುತ್ತದೆ. ನಾಲ್ಕೈದು ನಿಮಿಷದ ಆಯುಸ್ಸು. ಸಮುದ್ರಕ್ಕೆ ಬಿದ್ದರೆ ಮುಗಿಯಿತು, ಯಾರೂ ಹುಡುಕುವುದಿಲ್ಲ. ಅಷ್ಟರೊಳಗೆ ಸೆಕೆಂಡಿಗೆ ಎರಡು ನಾಲ್ಕು ಸಲ ಲೆಕ್ಕ ಕಳಿಸಿರುತ್ತದೆ.

ನೀವು ನೋಡಿದ ಮೆಲಿಸ್ಸಾದಲ್ಲೇ ಒಂದು ಡ್ರಾಪ್‌ಸಾಂಡ್ ಗಂಟೆಗೆ 252 ಮೈಲಿ, ಅಂದರೆ ಸುಮಾರು 405 ಕಿಲೋಮೀಟರ್ ವೇಗದ ಗಾಳಿಯ ಹೊಡೆತ ದಾಖಲಿಸಿತು. ಡ್ರಾಪ್‌ಸಾಂಡ್ ಅಳೆದದ್ದರಲ್ಲೇ ಅದು ದಾಖಲೆ. ಯಾವ ಉಪಗ್ರಹವೂ ಆ ಅಂಕಿ ಕೊಡುತ್ತಿರಲಿಲ್ಲ.

ಲೆಕ್ಕಾಚಾರ
ಅಂಕಿ ಗೊತ್ತಾದರೆ ಏನಾಯಿತು? 405 ಆಗಲಿ 350 ಆಗಲಿ, ಜಮೈಕಾದ ಮನೆ ಹಾರಿಹೋಗುತ್ತದೆ. ಜನರನ್ನು ಖಾಲಿ ಮಾಡಿಸಲು ಉಪಗ್ರಹದ ಅಂದಾಜು ಸಾಕು.

ಲೇಕ್‌ಲ್ಯಾಂಡ್_ಕನ್ನಡಿಗ
@ಲೆಕ್ಕಾಚಾರ ಸಾಕಾಗುವುದಿಲ್ಲ. ನಾನು ಫ್ಲಾರಿಡಾದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನನ್ನ ಮನೆಯಿಂದ ಸ್ವಲ್ಪ ದೂರದಲ್ಲೇ ನೋವಾ ಎಂಬ ಅಮೆರಿಕ ಸರ್ಕಾರದ ಹವಾಮಾನ, ಸಾಗರ ಸಂಸ್ಥೆಯ ಚಂಡಮಾರುತ ವಿಮಾನಗಳ ನೆಲೆ ಇದೆ. ಮೊದಲು ಟ್ಯಾಂಪಾದ ವಾಯುನೆಲೆಯಲ್ಲಿದ್ದವು, 2017ರಲ್ಲಿ ಲೇಕ್‌ಲ್ಯಾಂಡ್‌ಗೆ ಬಂದವು. ಎರಡು ಪಿ-3 ಓರಿಯನ್ ವಿಮಾನಗಳು, ನಾಲ್ಕು ಪ್ರೊಪೆಲರ್. ಒಂದರ ಹೆಸರು ಕರ್ಮಿಟ್, ಇನ್ನೊಂದು ಮಿಸ್ ಪಿಗ್ಗಿ. ಮಕ್ಕಳ ಟಿವಿ ಗೊಂಬೆಗಳ ಹೆಸರು. ಬಾಗಿಲ ಹತ್ತಿರ ಚಿತ್ರವೂ ಇದೆ. ಜೊತೆಗೆ ಗೊಂಜೊ ಎಂಬ ಜೆಟ್ ವಿಮಾನ.

2024ರ ಅಕ್ಟೋಬರ್ ಹೇಳುತ್ತೇನೆ ಕೇಳಿ. ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಬಂದು ಹೋಗಿತ್ತು. ರಸ್ತೆ ಬದಿಯಲ್ಲಿ ಒದ್ದೆ ಸೋಫಾ, ಹಾಸಿಗೆ ರಾಶಿ ಬಿದ್ದಿತ್ತು. ಎರಡು ವಾರ ಆಗಿಲ್ಲ, ಮಿಲ್ಟನ್ ಬಂತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಟ್ಯಾಂಪಾ ಕೊಲ್ಲಿಗೆ ಉತ್ತರದಿಂದ ಬರುತ್ತದಾ, ದಕ್ಷಿಣದಿಂದಲಾ? ಉತ್ತರಕ್ಕೆ ಬಂದರೆ ಗಾಳಿ ಸಮುದ್ರವನ್ನು ಕೊಲ್ಲಿಯೊಳಗೆ ತಳ್ಳುತ್ತದೆ, ಊರು ಮುಳುಗುತ್ತದೆ. ದಕ್ಷಿಣಕ್ಕೆ ಬಂದರೆ ಕೊಲ್ಲಿಯ ನೀರನ್ನೇ ಹೊರಗೆ ಎಳೆಯುತ್ತದೆ. ಕೆಲವೇ ಮೈಲಿಗಳ ವ್ಯತ್ಯಾಸ. ಅದು ಸಿಯೆಸ್ಟಾ ಕೀ ಹತ್ತಿರ, ದಕ್ಷಿಣದಲ್ಲಿ ಬಂತು. ಕೊಲ್ಲಿಯ ನೀರು ಹಿಂದೆ ಸರಿದದ್ದನ್ನು ಇಡೀ ಊರು ನೋಡಿತು.

ಆ ವಾರ ನಾನು, ಹೆಂಡತಿ, ಆರು ವರ್ಷದ ಮಗಳು ಕಾರಿನಲ್ಲಿ ಉತ್ತರಕ್ಕೆ ಹೊರಟಿದ್ದೆವು. ಮಾಮೂಲಿ ಐದು ಗಂಟೆಯ ದಾರಿ, ಹದಿಮೂರು ಗಂಟೆ ಹಿಡಿಯಿತು. ಪ್ರತಿ ಕೆಲವು ಗಂಟೆಗೆ ಹೊಸ ಮುನ್ಸೂಚನೆ ಬರುತ್ತಿತ್ತು. ಪ್ರತಿಯೊಂದರ ಹಿಂದೆ ಒಂದು ವಿಮಾನ ಒಳಗೆ ಹೋಗಿ ಬಂದ ಲೆಕ್ಕ ಇತ್ತು. ನಾವು ಓಡಿಹೋಗುತ್ತಿದ್ದ ಗಾಳಿಯೊಳಗೆ ನಮ್ಮ ಊರಿನವರೇ ಹೋಗುತ್ತಿದ್ದರು. ಆ ಯೋಚನೆ ಈಗಲೂ ಗಂಟಲು ಕಟ್ಟಿಸುತ್ತದೆ.

ಮಲ್ಲಿಗೆ_ಉಡುಪಿ
ಆರು ವರ್ಷದ ಮಗು ಜೊತೆ ಹದಿಮೂರು ಗಂಟೆ! ನೀವೆಲ್ಲ ಕ್ಷೇಮ ಅಲ್ವಾ? ಮನೆ ಏನಾಯಿತು?

ಲೇಕ್‌ಲ್ಯಾಂಡ್_ಕನ್ನಡಿಗ
ಬೇಲಿ ಹೋಯಿತು, ಕರೆಂಟು ಆರು ದಿನ ಇರಲಿಲ್ಲ. ನಾವು ಅದೃಷ್ಟವಂತರು.

ಪದಪ್ರೇಮಿ
ಒಂದು ಸಣ್ಣ ವಿಷಯ. ಸುದ್ದಿ ವಾಹಿನಿಯೊಂದು ಇದನ್ನು "ಸುಂಟರಗಾಳಿ" ಎಂದು ಹಾಕಿತ್ತು. ಅದು ತಪ್ಪು. ಸುಂಟರಗಾಳಿ ನೆಲದ ಮೇಲೆ ಕೆಲವು ನಿಮಿಷ ಸುತ್ತಿ ಹೋಗುವುದು. ಇದು ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಇರುತ್ತದೆ. ಚಂಡಮಾರುತ ಎನ್ನಬೇಕು.

ದೋಣಿಮನೆ_ಹುಡುಗ
ನಮ್ಮಲ್ಲಿ ಅಪ್ಪ, ಅಜ್ಜ ಎಲ್ಲ "ತೂಫಾನು" ಎನ್ನುವುದು. ಚಂಡಮಾರುತ ಅಂತ ನಾನು ಕಲಿತದ್ದು ಶಾಲೆಯಲ್ಲಿ.

ಮೇಷ್ಟ್ರು_ಸಾಗರ
ತೂಫಾನು ಬಹಳ ಒಳ್ಳೆಯ ಪದ, ಬಿಡಬೇಡಿ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಚೀನಾ ಜಪಾನ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ವಸ್ತು ಒಂದೇ. ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮಕ್ಕಳಿಗೆ ಇದನ್ನೇ ಮೊದಲು ಹೇಳುತ್ತಿದ್ದೆ.

ಈ ಹಾರಾಟ ಶುರುವಾದ ಕಥೆ ಹೇಳುತ್ತೇನೆ. 1943ರ ಜುಲೈ 27. ಟೆಕ್ಸಾಸ್‌ನ ಬ್ರಯನ್ ಎಂಬಲ್ಲಿ ಪೈಲಟ್‌ಗಳಿಗೆ ಮೋಡ, ಮಂಜಿನಲ್ಲಿ ಬರೀ ಉಪಕರಣ ನೋಡಿ ಹಾರಿಸುವುದನ್ನು ಕಲಿಸುತ್ತಿದ್ದರು. ಗುರು ಜೋಸೆಫ್ ಡಕ್‌ವರ್ತ್. ಗ್ಯಾಲ್ವೆಸ್ಟನ್ ಕಡೆ ಚಂಡಮಾರುತ ಬರುತ್ತಿದೆ, ವಿಮಾನಗಳನ್ನು ಬೇರೆಡೆಗೆ ಒಯ್ಯಬೇಕು ಎಂಬ ಮಾತು ಬಂತು. ಅಲ್ಲಿದ್ದ ಬ್ರಿಟಿಷ್ ಪೈಲಟ್‌ಗಳು ತರಬೇತಿ ವಿಮಾನವನ್ನು ಹಗುರವಾಗಿ ಆಡಿಕೊಂಡರು. ಡಕ್‌ವರ್ತ್ ಒಂದು ದೊಡ್ಡ ಬಾಂಬರ್ ವಿಮಾನ ಹತ್ತಿ ನೇರ ಕಣ್ಣಿನೊಳಗೆ ಹೋಗಿ ಬಂದರು.

ರೆಕ್ಕೆ_ಇಂಜಿನಿಯರ್
ಮೇಷ್ಟ್ರೇ, ಒಂದು ತಿದ್ದುಪಡಿ. ಅದು ಬಾಂಬರ್ ಅಲ್ಲ. ಆಡಿಕೊಂಡ ತರಬೇತಿ ವಿಮಾನವನ್ನೇ, ಎಟಿ-6 ಟೆಕ್ಸನ್ ಅನ್ನೇ ತೆಗೆದುಕೊಂಡು ಹೋದರು. ಒಂದೇ ಇಂಜಿನ್. ಅದು ನಿಂತರೆ ಕಥೆ ಮುಗಿಯಿತು. ಜೊತೆಗೆ ನ್ಯಾವಿಗೇಟರ್ ರಾಲ್ಫ್ ಓಹೇರ್ ಇದ್ದರು. ಮೇಲಧಿಕಾರಿಗಳ ಅನುಮತಿಯನ್ನೂ ಕೇಳಿರಲಿಲ್ಲ.

ಮೇಷ್ಟ್ರು_ಸಾಗರ
ಸರಿ, ನನ್ನ ನೆನಪು ತಪ್ಪಿತ್ತು. ತಿದ್ದಿದ್ದಕ್ಕೆ ಸಂತೋಷ. ವಾಪಸ್ ಇಳಿದ ಮೇಲೆ ಅಲ್ಲಿನ ಹವಾಮಾನ ಅಧಿಕಾರಿ "ನನ್ನನ್ನೂ ಕರೆದುಕೊಂಡು ಹೋಗಿ" ಎಂದರು. ಡಕ್‌ವರ್ತ್ ಅದೇ ದಿನ ಎರಡನೆಯ ಸಲ ಹೋದರು. ನನಗೆ ಹೆಚ್ಚು ಇಷ್ಟ ಈ ಎರಡನೆಯ ಹಾರಾಟವೇ. ಮೊದಲನೆಯದು ಹಟಕ್ಕೆ, ಎರಡನೆಯದು ತಿಳಿಯುವ ಆಸೆಗೆ.

ಕಾರವಾರ_ಕಡಲು
ವಿಮಾನ ಮುರಿದುಹೋಗುವುದಿಲ್ಲವಾ? ವಿಶೇಷ ಉಕ್ಕಿನಿಂದ ಮಾಡಿರುತ್ತಾರಂತೆ.

ರೆಕ್ಕೆ_ಇಂಜಿನಿಯರ್
ಇಲ್ಲ ಇಲ್ಲ. ಇದು ಎಲ್ಲ ಕಡೆ ಹರಡಿರುವ ತಪ್ಪು ಕಲ್ಪನೆ. ಪಿ-3 ಮೂಲತಃ ಜಲಾಂತರ್ಗಾಮಿ ಹುಡುಕಲು ಮಾಡಿದ ನೌಕಾ ವಿಮಾನ. ಗಟ್ಟಿ ವಿಮಾನ ಹೌದು, ಆದರೆ ಚಂಡಮಾರುತಕ್ಕೆಂದು ರೆಕ್ಕೆಯನ್ನು ಬೇರೆ ಥರ ಕಟ್ಟಿಲ್ಲ.

ಮುಖ್ಯ ವಿಷಯ ಏನೆಂದರೆ, ವಿಮಾನಕ್ಕೆ ಗಾಳಿಯ ವೇಗವೇ ಶತ್ರು ಅಲ್ಲ. ಹೊಳೆಯ ನೀರು ಎಷ್ಟೇ ಜೋರಾಗಿ ಹರಿಯಲಿ, ಒಂದೇ ಸಮ ಹರಿದರೆ ದೋಣಿ ಅದರ ಜೊತೆ ಸಾಗುತ್ತದೆ. ವಿಮಾನವೂ ಹಾಗೆಯೇ, ಗಾಳಿಯೊಳಗೆ ತೇಲುತ್ತದೆ. ಮಾಮೂಲಿ ಪ್ರಯಾಣಿಕರ ವಿಮಾನಗಳೂ ಮೇಲೆ ಗಂಟೆಗೆ 200 ಕಿಲೋಮೀಟರ್ ಮೀರಿದ ಜೆಟ್ ಗಾಳಿಯಲ್ಲಿ ಹೋಗುತ್ತವೆ, ನಾವು ಕಾಫಿ ಕುಡಿಯುತ್ತಾ ಕೂತಿರುತ್ತೇವೆ. ಅಪಾಯ ಇರುವುದು ಗಾಳಿ ಇದ್ದಕ್ಕಿದ್ದಂತೆ ಬದಲಾಗುವ ಕಡೆ. ಕಣ್ಣಿನ ಗೋಡೆಯಲ್ಲಿ ಒಂದು ಕಡೆ ಮೇಲಕ್ಕೆ ಎತ್ತುತ್ತದೆ, ಮರುಕ್ಷಣ ಕೆಳಕ್ಕೆ ಕುಕ್ಕುತ್ತದೆ.

ಒಳಗೆ ಹೋಗುವ ರೀತಿಯೂ ಚಂದ. ಭೂಮಿಯ ಉತ್ತರಾರ್ಧದಲ್ಲಿ ಗಾಳಿ ಎಡಸುತ್ತು ಸುತ್ತುತ್ತದೆ. ಹಾಗಾಗಿ ಗಾಳಿ ಸದಾ ಎಡರೆಕ್ಕೆಯ ಕಡೆಯಿಂದ ಬಡಿಯುವಂತೆ ಹಿಡಿದರೆ ಮೂಗು ಕಣ್ಣಿನ ಕಡೆಗೇ ಇರುತ್ತದೆ. ಪಿ-3 ಸಾಮಾನ್ಯವಾಗಿ 8,000ದಿಂದ 10,000 ಅಡಿಯಲ್ಲಿ ಹೋಗುತ್ತದೆ. ಗುಣಾಕಾರದ ಚಿಹ್ನೆಯ ಹಾಗೆ ಒಂದು ಕಡೆಯಿಂದ ಸೀಳಿ, ಹೊರಗೆ ಬಂದು, ಇನ್ನೊಂದು ಕಡೆಯಿಂದ ಮತ್ತೆ ಸೀಳುತ್ತದೆ. ಒಂದು ಹಾರಾಟ ಎಂಟು ಹತ್ತು ಗಂಟೆ. ಜೆಟ್ ವಿಮಾನ ಒಳಗೆ ನುಗ್ಗುವುದಿಲ್ಲ. ಅದು 45,000 ಅಡಿ ಎತ್ತರದಲ್ಲಿ ಸುತ್ತಮುತ್ತಲಿನ ಗಾಳಿ ಅಳೆಯುತ್ತದೆ. ಚಂಡಮಾರುತವನ್ನು ಎತ್ತ ತಳ್ಳುವುದು ಆ ಸುತ್ತಲಿನ ಗಾಳಿಯೇ. ಆ ಅಳತೆ ಸೇರಿಸಿದ್ದರಿಂದ ದಾರಿಯ ಮುನ್ಸೂಚನೆ ಶೇಕಡಾ 15ರಿಂದ 20ರಷ್ಟು ಸುಧಾರಿಸಿದೆ ಎಂದು ಲೆಕ್ಕ ಹಾಕಿದ್ದಾರೆ.

ಕಾರವಾರ_ಕಡಲು
ದೋಣಿ ಹೋಲಿಕೆ ಚೆನ್ನಾಗಿ ತಲೆಗೆ ಹೋಯಿತು. ಧನ್ಯವಾದ.

ಲೆಕ್ಕಾಚಾರ
ಎಲ್ಲ ಸರಿ. ಆದರೆ ವಿಮಾನ ಬಿದ್ದ ಲೆಕ್ಕವನ್ನೂ ಹೇಳಿ. ಬರೀ ಸಾಹಸದ ಕಥೆ ಹೇಳಿದರೆ ಚಿತ್ರ ಪೂರ್ತಿ ಆಗುವುದಿಲ್ಲ.

ಮೇಷ್ಟ್ರು_ಸಾಗರ
ನ್ಯಾಯವಾದ ಮಾತು. ಇದುವರೆಗೆ ಆರು ವಿಮಾನ, 53 ಜನ. ಹೆಚ್ಚಿನವು ಪೆಸಿಫಿಕ್‌ನ ಟೈಫೂನ್‌ಗಳಲ್ಲಿ. ಅಟ್ಲಾಂಟಿಕ್ ಕಡೆ ಹೋದದ್ದು ಒಂದೇ. 1955ರ ಸೆಪ್ಟೆಂಬರ್ 26, ಜ್ಯಾನೆಟ್ ಚಂಡಮಾರುತ. ಅಮೆರಿಕ ನೌಕಾಪಡೆಯ ನೆಪ್ಚೂನ್ ವಿಮಾನ. ಸಿಬ್ಬಂದಿ ಒಂಬತ್ತು ಜನ, ಜೊತೆಗೆ ವರದಿ ಮಾಡಲು ಬಂದ ಕೆನಡಾದ ಇಬ್ಬರು ಪತ್ರಕರ್ತರು. ಒಳಗೆ ಹೋಗುತ್ತಿದ್ದೇವೆ ಎಂಬ ಸಂದೇಶ ಬಂತು. ಆಮೇಲೆ ಏನೂ ಬರಲಿಲ್ಲ. ಒಂದು ಚೂರೂ ಸಿಗಲಿಲ್ಲ.

ಕೊನೆಯದು 1974ರ ಅಕ್ಟೋಬರ್, ಟೈಫೂನ್ ಬೆಸ್, ಆರು ಜನ. ಅಲ್ಲಿಂದ ಇಲ್ಲಿಗೆ ಐವತ್ತು ವರ್ಷದ ಮೇಲಾಯಿತು, ಒಂದು ವಿಮಾನವೂ ಹೋಗಿಲ್ಲ.

ಲೇಕ್‌ಲ್ಯಾಂಡ್_ಕನ್ನಡಿಗ
ಹೋಗಿಲ್ಲ, ಆದರೆ ಕೂದಲೆಳೆಯಲ್ಲಿ ಉಳಿದದ್ದುಂಟು. 1989ರ ಸೆಪ್ಟೆಂಬರ್ 15, ಹ್ಯೂಗೋ ಚಂಡಮಾರುತ, ಬಾರ್ಬಡೋಸ್‌ನ ಪೂರ್ವಕ್ಕೆ. ವಿಮಾನ ಇದೇ ಕರ್ಮಿಟ್.

ಅವರು 1,500 ಅಡಿ ಎತ್ತರದಲ್ಲಿ ಒಳಗೆ ಹೋದರು. ಚಂಡಮಾರುತ ಇಷ್ಟು ಬಲವಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಲ ಹೋಗಿ ಅಳೆಯಲೆಂದೇ ಹೋಗಿದ್ದು. ಒಳಗೆ ಹೋದರೆ ಐದನೇ ದರ್ಜೆ, ಅಂದರೆ ಅತಿ ಬಲವಾದ ದರ್ಜೆ. ಗೋಡೆಯ ಒಳಗೆ ಬಲಗಡೆಯ ಒಂದು ಇಂಜಿನ್‌ಗೆ ಬೆಂಕಿ ಹತ್ತಿತು. ಕಟ್ಟಿಟ್ಟ ಸಾಮಾನೆಲ್ಲ ಹಾರಿತು. ವಿಮಾನ ಸಾವಿರ ಅಡಿಗಿಂತ ಕೆಳಕ್ಕೆ ಕುಸಿಯಿತು. ಮರುಕ್ಷಣ ಕಣ್ಣಿನೊಳಗೆ ಬಿದ್ದರು. ಶಾಂತ. ಪೈಲಟ್ ಗೆರಿ ಮೆಕಿಮ್ ವಿಮಾನವನ್ನು ಹಿಡಿತಕ್ಕೆ ತಂದರು. ಹವಾಮಾನ ತಜ್ಞ ಜೆಫ್ ಮಾಸ್ಟರ್ಸ್ ಅದರಲ್ಲಿದ್ದರು, ಆಮೇಲೆ ವಿವರವಾಗಿ ಬರೆದಿದ್ದಾರೆ.

ಈಗ ಮೂರು ಇಂಜಿನ್. ಹೊರಗೆ ಬರಲು ಅದೇ ಗೋಡೆಯನ್ನು ಮತ್ತೆ ಸೀಳಬೇಕು! ಕಣ್ಣಿನೊಳಗೇ ಸುತ್ತು ಹೊಡೆಯುತ್ತಾ ಇಂಧನ ಚೆಲ್ಲಿ ಹಗುರವಾದರು, ಮೇಲೆ ಏರಿದರು. ಆಗ ವಾಯುಪಡೆಯ ಇನ್ನೊಂದು ಚಂಡಮಾರುತ ವಿಮಾನ ಅಲ್ಲಿಗೆ ಬಂತು. ಕೆಳಗಿನಿಂದ ಬಂದು ಕರ್ಮಿಟ್‌ನ ಹೊಟ್ಟೆ ರೆಕ್ಕೆ ಎಲ್ಲ ನೋಡಿ ಏನು ಮುರಿದಿದೆ ಎಂದು ಹೇಳಿತು. ಆಮೇಲೆ ಗೋಡೆ ಎಲ್ಲಿ ಮೆತ್ತಗಿದೆ ಎಂದು ತಾನೇ ಹೋಗಿ ಪರೀಕ್ಷಿಸಿ ದಾರಿ ತೋರಿಸಿತು. ಎಲ್ಲರೂ ಬದುಕಿ ಬಂದರು.

ಇನ್ನೊಬ್ಬರಿಗಾಗಿ ಆ ಗೋಡೆಯೊಳಗೆ ಬೇಕಂತಲೇ ಹೋಗಿ ಬರುವುದು ಎಂದರೆ ಏನು ಮನಸ್ಸು ಅದು!

ಮಲ್ಲಿಗೆ_ಉಡುಪಿ
ಓದಿ ಕೈ ತಣ್ಣಗಾಯಿತು.

ರೆಕ್ಕೆ_ಇಂಜಿನಿಯರ್
ಹ್ಯೂಗೋ ಆದ ಮೇಲೆ ಗೊತ್ತಿಲ್ಲದ ಚಂಡಮಾರುತಕ್ಕೆ ಅಷ್ಟು ಕೆಳಗೆ ಮೊದಲ ಸಲ ಹೋಗುವುದನ್ನು ನಿಲ್ಲಿಸಿದರು. ಇನ್ನೊಂದು ಪಾಠ 2007ರ ಫೆಬ್ರವರಿಯಲ್ಲಿ. ಚಂಡಮಾರುತವೂ ಅಲ್ಲ, ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಬಿರುಗಾಳಿ. ಸಮುದ್ರದ ತುಂತುರಿನ ಉಪ್ಪು ಇಂಜಿನ್‌ನಲ್ಲಿ ಕಟ್ಟಿಕೊಂಡು ಒಂದು ಪಿ-3ರ ನಾಲ್ಕರಲ್ಲಿ ಮೂರು ಇಂಜಿನ್ ಒಂದಾದ ಮೇಲೆ ಒಂದು ನಿಂತವು. ಮತ್ತೆ ಚಾಲೂ ಮಾಡಿ ದಡ ಸೇರಿದರು. ಮಳೆ ಇದ್ದರೆ ಉಪ್ಪು ತೊಳೆದುಹೋಗುತ್ತದೆ. ಅಲ್ಲಿ ಮಳೆ ಕಡಿಮೆ ಇತ್ತು.

ದೋಣಿಮನೆ_ಹುಡುಗ
ಉಪ್ಪು! ಇದು ನಮಗೆ ಚೆನ್ನಾಗಿ ಗೊತ್ತು. ಔಟ್‌ಬೋರ್ಡ್ ಇಂಜಿನ್ ಅನ್ನು ಸಿಹಿನೀರಲ್ಲಿ ತೊಳೆಯದೆ ಇಟ್ಟರೆ ಒಂದೇ ಸೀಸನ್‌ಗೆ ಹಾಳು. ಅಪ್ಪ ದಿನಾ ಬೈಯುತ್ತಿದ್ದದ್ದು ಅದಕ್ಕೇ.

ಲೆಕ್ಕಾಚಾರ
ನನ್ನ ಮೂಲ ಪ್ರಶ್ನೆ ಹಾಗೇ ಇದೆ. ಈಗ ಡ್ರೋನ್ ಕಳಿಸಬಹುದಲ್ಲ? 2021ರಲ್ಲಿ ಸ್ಯಾಮ್ ಎಂಬ ಚಂಡಮಾರುತದೊಳಗೆ ಸೇಲ್‌ಡ್ರೋನ್ ಎಂಬ ಜನರಿಲ್ಲದ ದೋಣಿಯೇ ಹೋಗಿ ವಿಡಿಯೋ ಕಳಿಸಿತು. ಅಲೆ ಐವತ್ತು ಅಡಿ. ಯಾರ ಜೀವಕ್ಕೂ ಅಪಾಯ ಇರಲಿಲ್ಲ.

ರೆಕ್ಕೆ_ಇಂಜಿನಿಯರ್
ಆ ವಿಡಿಯೋ ಅದ್ಭುತ, ಒಪ್ಪುತ್ತೇನೆ. ಆದರೆ ಅದು ಸಮುದ್ರದ ಮೇಲಿನ ಒಂದು ಬಿಂದು. ವಿಮಾನದ ಬಾಲದಲ್ಲಿ ಗಾಳಿಯ ವೇಗವನ್ನೂ ತೋರಿಸುವ ಡಾಪ್ಲರ್ ರೇಡಾರ್ ಇರುತ್ತದೆ. ಅದು ಹೋಗುತ್ತಾ ಹೋಗುತ್ತಾ ಇಡೀ ಚಂಡಮಾರುತವನ್ನು ಹೋಳು ಹೋಳಾಗಿ ಸ್ಕ್ಯಾನ್ ಮಾಡುತ್ತದೆ. ಆ ರೇಡಾರ್ ಹೊರಲು ದೊಡ್ಡ ವಿಮಾನ ಬೇಕು. 2022ರಲ್ಲಿ ಇಯಾನ್ ಒಳಗೆ ಸಣ್ಣ ಡ್ರೋನ್ ಬಿಟ್ಟರು. ಬಿಟ್ಟದ್ದು ಎಲ್ಲಿಂದ? ಒಳಗೆ ಹೋದ ಪಿ-3 ವಿಮಾನದಿಂದಲೇ. ಮುಂದೆ ಡ್ರೋನ್ ಜಾಸ್ತಿ ಆಗುತ್ತವೆ. ಹಾಗೆಂದು ನೋವಾ ವಿಮಾನ ಬಿಟ್ಟಿಲ್ಲ. ಪಿ-3 ಬದಲಿಗೆ ಎರಡು ಸಿ-130ಜೆ ವಿಮಾನಕ್ಕೆ 2024ರಲ್ಲಿ ಒಪ್ಪಂದ ಆಗಿದೆ. ವಾಯುಪಡೆಯ ಮೀಸಲು ದಳದ 53ನೇ ಸ್ಕ್ವಾಡ್ರನ್ ಬಳಿ ಆ ಜಾತಿಯ ಹತ್ತು ವಿಮಾನ ಆಗಲೇ ಇವೆ, ಮಿಸಿಸಿಪ್ಪಿಯ ಕೀಸ್ಲರ್ ನೆಲೆಯಲ್ಲಿ.

ರೆಕ್ಕೆಯ ಕೆಳಗಿನ ಒಂದು ಉಪಕರಣದ ಬಗ್ಗೆ ಹೇಳಲೇಬೇಕು. ಅದು ಸಮುದ್ರದ ನೊರೆ ನೋಡುತ್ತದೆ. ಗಾಳಿ ಹೆಚ್ಚಾದಂತೆ ನೊರೆ ಹೆಚ್ಚು. ನೊರೆ ಹೆಚ್ಚಾದಂತೆ ನೀರಿನಿಂದ ಹೊಮ್ಮುವ ಮೈಕ್ರೋವೇವ್ ಹೆಚ್ಚು. ಅದನ್ನು ಅಳೆದು ನೀರಿನ ಮೇಲೆ ಗಾಳಿ ಎಷ್ಟು ಎಂದು ಹೇಳುತ್ತಾರೆ. ವಿಮಾನ ಮೂರು ಕಿಲೋಮೀಟರ್ ಮೇಲಿದ್ದರೂ ಸರಿ.

ದೋಣಿಮನೆ_ಹುಡುಗ
ಇದನ್ನು ಈಗಷ್ಟೇ ಅಪ್ಪನಿಗೆ ಓದಿ ಹೇಳಿದೆ. ಬಲೆ ಹೆಣೆಯುವುದನ್ನು ನಿಲ್ಲಿಸಿ ಕೇಳಿದರು. "ನೊರೆ ನೋಡಿಯೇ ನಾವೂ ಹೇಳುವುದು" ಎಂದರು. ದೂರದಲ್ಲಿ ಅಲೆಯ ತಲೆ ಬೆಳ್ಳಗಾದರೆ ಇಷ್ಟು ಗಾಳಿ, ನೊರೆ ಗೆರೆಗೆರೆಯಾಗಿ ಎಳೆದರೆ ಇನ್ನೂ ಜಾಸ್ತಿ, ಆಗ ಬಲೆ ಎತ್ತಬೇಕು. ಈ ಲೆಕ್ಕ ನಮ್ಮ ಕಡೆ ಪ್ರತಿ ದೋಣಿಯಲ್ಲೂ ಇದೆ.

ಪದಪ್ರೇಮಿ
ಇದು ಇಡೀ ಚರ್ಚೆಯಲ್ಲೇ ನನಗೆ ಹೆಚ್ಚು ಇಷ್ಟವಾದ ಮಾತು.

ಮೇಷ್ಟ್ರು_ಸಾಗರ
ಈಗ ನಿಮ್ಮ ಎರಡನೆಯ ಪ್ರಶ್ನೆ. ನಮ್ಮ ಸಮುದ್ರಕ್ಕೆ ಯಾರೂ ಬಂದೇ ಇಲ್ಲ ಎಂದಲ್ಲ. 1979ರಲ್ಲಿ ಮೊನೆಕ್ಸ್ ಎಂಬ ದೊಡ್ಡ ಮುಂಗಾರು ಅಧ್ಯಯನ ನಡೆಯಿತು. ಆಗ ಅಮೆರಿಕದ ಸಂಶೋಧನಾ ವಿಮಾನಗಳು ಬೊಂಬಾಯಿಗೆ ಬಂದು ಅರಬ್ಬಿ ಸಮುದ್ರದ ಮೇಲೆ ಹಾರಿದವು. ನೋವಾದ ಪಿ-3 ಕೂಡ ಇತ್ತು. ಆ ಜೂನ್‌ನಲ್ಲಿ ಮುಂಗಾರಿನ ಜೊತೆ ಎದ್ದ ಸುಳಿಯನ್ನು ಅವು ಅಳೆದವು. ಆ ಲೆಕ್ಕದ ಮೇಲೆ ಮದ್ರಾಸಿನಲ್ಲಿ ಹುಟ್ಟಿ ಫ್ಲಾರಿಡಾದಲ್ಲಿ ಕಲಿಸುತ್ತಿದ್ದ ಟಿ.ಎನ್. ಕೃಷ್ಣಮೂರ್ತಿ ಅವರು ದೊಡ್ಡ ಕೆಲಸ ಮಾಡಿದರು. ನಾನಾಗ ಕಾಲೇಜಿನಲ್ಲಿದ್ದೆ. ಪತ್ರಿಕೆಯಲ್ಲಿ ಓದಿದ ಪುಳಕ ಈಗಲೂ ಇದೆ.

ಆಮೇಲೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮುಂಗಾರು ಮೋಡಗಳೊಳಗೆ ವಿಮಾನ ಹಾರಿಸಿ ಅಧ್ಯಯನ ಮಾಡಿದೆ. ಆದರೆ ಪ್ರತಿ ಚಂಡಮಾರುತಕ್ಕೂ ಹೋಗಿ ಬರುವ ಪಡೆ ನಮ್ಮಲ್ಲಿಲ್ಲ. ಇನ್ಸಾಟ್ ಉಪಗ್ರಹ, ಕರಾವಳಿಯ ಡಾಪ್ಲರ್ ರೇಡಾರ್, ಸಮುದ್ರದ ತೇಲುಬುರುಡೆಗಳು, ಇವೇ ಆಧಾರ.

ಲೆಕ್ಕಾಚಾರ
ಅದು ಸಾಕು ಎಂಬುದೇ ನನ್ನ ವಾದ. 1999ರ ಒಡಿಶಾ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂತು, ಅದೂ ಭಾರೀ ಚಂಡಮಾರುತ. ಸತ್ತವರು ನೂರಕ್ಕಿಂತ ಕಡಿಮೆ. ನಡುವೆ ಏನು ಬದಲಾಯಿತು? ವಿಮಾನ ಬರಲಿಲ್ಲ. ಆಶ್ರಯ ಕಟ್ಟಡ ಕಟ್ಟಿದರು, ಮೈಕ್ ಹಿಡಿದು ಊರೂರು ಸುತ್ತಿದರು, ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಎಬ್ಬಿಸಿ ಸಾಗಿಸಿದರು. ಒಂದು ರೂಪಾಯಿ ಇದ್ದರೆ ನಾನು ಅದನ್ನು ಆಶ್ರಯ ಕಟ್ಟಡಕ್ಕೆ ಹಾಕುತ್ತೇನೆ. ನನಗೆ ವಿಮಾನದವರ ಮೇಲೆ ಗೌರವ ಇಲ್ಲ ಎಂದಲ್ಲ. ನನ್ನ ಅಜ್ಜಿಯ ತವರು ಒಡಿಶಾ ಗಡಿಯ ಶ್ರೀಕಾಕುಳಂ. ಅಲ್ಲಿ ಯಾವುದು ಜೀವ ಉಳಿಸಿತು ಎಂದು ನೋಡಿದ್ದೇನೆ.

ಲೇಕ್‌ಲ್ಯಾಂಡ್_ಕನ್ನಡಿಗ
ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಒಡಿಶಾ ಮಾಡಿದ್ದು ದೊಡ್ಡದು. ನಮ್ಮ ಅಮೆರಿಕದಲ್ಲೇ ಮುನ್ಸೂಚನೆ ಸರಿ ಇದ್ದೂ ಜನ ಮನೆ ಬಿಡದೆ ಸಾಯುತ್ತಾರೆ.

ರೆಕ್ಕೆ_ಇಂಜಿನಿಯರ್
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಫೈಲಿನ್ ದಿನಗಟ್ಟಲೆ ಮೊದಲೇ ಕಂಡಿತ್ತು. ಒಂದೇ ರಾತ್ರಿಯಲ್ಲಿ ಬಲಿಯುವ ಚಂಡಮಾರುತಕ್ಕೆ ಏನು ಮಾಡುತ್ತೀರಿ? ಮೆಕ್ಸಿಕೋದ ಅಕಪುಲ್ಕೊಗೆ 2023ರ ಅಕ್ಟೋಬರ್‌ನಲ್ಲಿ ಓಟಿಸ್ ಬಂತು. ಹಿಂದಿನ ದಿನದವರೆಗೂ ಸಾಧಾರಣ ಎಂದುಕೊಂಡಿದ್ದರು. 24ರ ಮಧ್ಯಾಹ್ನ ವಾಯುಪಡೆಯ ವಿಮಾನ ಒಳಗೆ ಹೋಗಿ ನೋಡಿದಾಗಲೇ ಗೊತ್ತಾದದ್ದು, ಅದು ಅಂದುಕೊಂಡದ್ದಕ್ಕಿಂತ ಬಹಳ ಬಲವಾಗಿದೆ ಎಂದು. ಆ ರಾತ್ರಿಯೇ ಐದನೇ ದರ್ಜೆಯಾಗಿ ಊರಿಗೆ ಬಡಿಯಿತು. ಎಚ್ಚರಿಕೆ ಕೆಲವೇ ಗಂಟೆ ಸಿಕ್ಕಿತು. ವಿಮಾನ ಹೋಗದಿದ್ದರೆ ಅದೂ ಇರುತ್ತಿರಲಿಲ್ಲ.

ನಮ್ಮದೇ ತೌಕ್ತೆ ತೆಗೆದುಕೊಳ್ಳಿ, 2021ರ ಮೇ. ಅದರ ಗರಿಷ್ಠ ಗಾಳಿ ಭಾರತದ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 185 ಕಿಲೋಮೀಟರ್. ಅಮೆರಿಕ ನೌಕಾಪಡೆಯ ಟೈಫೂನ್ ಕೇಂದ್ರದ ಲೆಕ್ಕದಲ್ಲಿ 220. ಒಬ್ಬರು ಮೂರು ನಿಮಿಷದ ಸರಾಸರಿ ಹಿಡಿಯುತ್ತಾರೆ, ಇನ್ನೊಬ್ಬರು ಒಂದು ನಿಮಿಷದ್ದು. ವ್ಯತ್ಯಾಸದಲ್ಲಿ ಸ್ವಲ್ಪ ಅದರಿಂದ ಬಂದದ್ದು. ಉಳಿದದ್ದು? ಎರಡೂ ಮುಖ್ಯವಾಗಿ ಉಪಗ್ರಹ ನೋಡಿ ಮಾಡಿದ ಅಂದಾಜು. ಒಳಗೆ ಯಾರೂ ಅಳೆದಿಲ್ಲ.

ದೋಣಿಮನೆ_ಹುಡುಗ
ತೌಕ್ತೆ ನನಗೆ ಅಂಕಿ ಅಲ್ಲ. ಮೇ 15ರಂದು ಅದು ನಮ್ಮ ಕರಾವಳಿಯ ಪಕ್ಕ ಸಮುದ್ರದಲ್ಲೇ ಹೋಯಿತು, ದಡಕ್ಕೆ ಬರಲಿಲ್ಲ. ಬಾರದೆಯೂ ಕಡಲು ಕೊರೆತ ನಮ್ಮ ಮನೆಯ ಹಿಂದಿನ ಎಂಟು ತೆಂಗಿನಮರ ತೆಗೆದುಕೊಂಡಿತು. ದೋಣಿ ಶೆಡ್ಡಿನ ಗೋಡೆ ಹೋಯಿತು. ಎಚ್ಚರಿಕೆ ಮೊದಲೇ ಬಂದಿತ್ತು, ದೋಣಿಗಳೆಲ್ಲ ದಡದಲ್ಲಿದ್ದವು, ಅದು ನಿಜ. ಆದರೆ ಅಪ್ಪ ಹೇಳುವುದು 2017ರ ಓಖಿಯ ಬಗ್ಗೆ. ಕೇರಳ, ಕನ್ಯಾಕುಮಾರಿಯ ಎಷ್ಟೋ ಮೀನುಗಾರರು ಸಮುದ್ರದ ನಡುವೆ ಇದ್ದಾಗಲೇ ಅದು ಬೇಗ ಬಲಿಯಿತು. ನೂರಾರು ಜನ ವಾಪಸ್ ಬರಲಿಲ್ಲ. ದಡದಲ್ಲಿರುವವರಿಗೆ ಆಶ್ರಯ ಕಟ್ಟಡ ಸರಿ. ಕಡಲಲ್ಲಿ ಇರುವವನಿಗೆ ಬೇಕಾದದ್ದು ಗಂಟೆಗಳು. ಹತ್ತು ಗಂಟೆ ಮೊದಲು ಗೊತ್ತಾದರೆ ಬದುಕುತ್ತಾನೆ.

@ಲೆಕ್ಕಾಚಾರ ನಿಮ್ಮ ಮಾತು ತಪ್ಪು ಎನ್ನುತ್ತಿಲ್ಲ. ಎರಡೂ ಬೇಕು.

ಲೆಕ್ಕಾಚಾರ
ಕಡಲಲ್ಲಿ ಇರುವವರ ಬಗ್ಗೆ ನಾನು ಯೋಚಿಸಿರಲಿಲ್ಲ. ಅದು ನಿಜವಾದ ವ್ಯತ್ಯಾಸ. ಆದರೂ ವಿಮಾನಕ್ಕೆ ಮೊದಲು ಪ್ರತಿ ನಾಡದೋಣಿಗೂ ಎಚ್ಚರಿಕೆ ತಲುಪಿಸುವ ಉಪಕರಣ ಬೇಕು ಎನ್ನುತ್ತೇನೆ. ಆಕಾಶದಲ್ಲಿ ಅಳೆದ ಲೆಕ್ಕ ದೋಣಿಗೆ ತಲುಪದಿದ್ದರೆ ಏನು ಪ್ರಯೋಜನ?

ದೋಣಿಮನೆ_ಹುಡುಗ
ಇದಕ್ಕೆ ಪೂರ್ತಿ ಒಪ್ಪಿಗೆ.

ಕಾರವಾರ_ಕಡಲು
ತೈವಾನ್, ಜಪಾನ್ ಮಾಡುತ್ತಿವೆಯಂತಲ್ಲ?

ರೆಕ್ಕೆ_ಇಂಜಿನಿಯರ್
ಹೌದು. ತೈವಾನ್ 2003ರಿಂದ ಸಣ್ಣ ಜೆಟ್‌ನಲ್ಲಿ ಟೈಫೂನ್ ಸುತ್ತ ಹಾರಿ ಡ್ರಾಪ್‌ಸಾಂಡ್ ಬಿಡುತ್ತಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಲ್ಯಾನ್ ಟೈಫೂನ್‌ನ ಕಣ್ಣಿನೊಳಗೇ ಹೋಯಿತು. ಹಾಗಾಗಿ ಅಮೆರಿಕದಷ್ಟು ದೊಡ್ಡ ಪಡೆಯೇ ಬೇಕು ಎಂದಿಲ್ಲ. ಒಂದು ಜೆಟ್, ಒಳ್ಳೆಯ ತಂಡ, ಸಾಕಷ್ಟು ಡ್ರಾಪ್‌ಸಾಂಡ್ ಇದ್ದರೆ ಶುರು ಮಾಡಬಹುದು.

ಒಂದು ನಷ್ಟದ ವಿಷಯ ಹೇಳುತ್ತೇನೆ. ಪೆಸಿಫಿಕ್‌ನಲ್ಲಿ ಅಮೆರಿಕ 1987ರಲ್ಲಿ ಈ ಹಾರಾಟ ನಿಲ್ಲಿಸಿತು. 1979ರ ಟೈಫೂನ್ ಟಿಪ್‌ನಲ್ಲಿ ಅಳೆದ 870 ಹೆಕ್ಟೋಪ್ಯಾಸ್ಕಲ್ ಇವತ್ತಿಗೂ ಸಮುದ್ರಮಟ್ಟದಲ್ಲಿ ಜಗತ್ತಿನ ಅತಿ ಕಡಿಮೆ ಒತ್ತಡದ ದಾಖಲೆ. ಒತ್ತಡ ಕಡಿಮೆಯಾದಷ್ಟೂ ಚಂಡಮಾರುತ ಬಲ. ಆಮೇಲೆ ಅದಕ್ಕಿಂತ ಬಲವಾದದ್ದು ಬಂದಿರಬಹುದು. ಅಳೆಯಲು ಯಾರೂ ಇರಲಿಲ್ಲ.

ಲೇಕ್‌ಲ್ಯಾಂಡ್_ಕನ್ನಡಿಗ
ಮಿಲ್ಟನ್‌ನ ಇನ್ನೊಂದು ವಿಷಯ ಹೇಳಬೇಕು. ಪೀಟರ್ ಡಾಡ್ಜ್ ಎಂಬ ರೇಡಾರ್ ವಿಜ್ಞಾನಿ ಇದ್ದರು. 386 ಸಲ ಚಂಡಮಾರುತದ ಕಣ್ಣಿನೊಳಗೆ ಹೋಗಿದ್ದವರು. 2023ರಲ್ಲಿ ತೀರಿಕೊಂಡರು. 2024ರ ಅಕ್ಟೋಬರ್ 8ರಂದು ಮಿಸ್ ಪಿಗ್ಗಿ ಮಿಲ್ಟನ್‌ನ ಕಣ್ಣಿನೊಳಗೆ ಹೋದಾಗ ಗೆಳೆಯರು ಅವರ ಚಿತಾಭಸ್ಮವನ್ನು ಅಲ್ಲಿ ಬಿಟ್ಟರು. ಆ ಹಾರಾಟದ ಡ್ರಾಪ್‌ಸಾಂಡ್ ದಾಖಲೆಯಲ್ಲಿ ಒಂದು ಸಾಲು ಸೇರಿಸಿದರು: ಅವರ ಹೆಸರು, ಹುಟ್ಟಿದ ಸತ್ತ ವರ್ಷ, 387ನೇ ಪ್ರವೇಶ ಎಂದು. ಒತ್ತಡ, ಗಾಳಿಯ ಅಂಕಿಗಳ ನಡುವೆ ಆ ಸಾಲು ಇದೆ. ಅದೇ ದಿನ ನಾವು ಊರು ಬಿಟ್ಟಿದ್ದು.

ಮೇಷ್ಟ್ರು_ಸಾಗರ
ನಮ್ಮವರು ಗಂಗೆಯಲ್ಲಿ ಬಿಡುತ್ತಾರೆ. ಆ ಮನುಷ್ಯನಿಗೆ ಅದೇ ಗಂಗೆ.

ಮಲ್ಲಿಗೆ_ಉಡುಪಿ
ಕಣ್ಣು ತುಂಬಿತು.

ದೋಣಿಮನೆ_ಹುಡುಗ
ಇದನ್ನೂ ಅಪ್ಪನಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ವಿಡಿಯೋ ಮತ್ತೊಮ್ಮೆ ಹಾಕಲು ಹೇಳಿದರು. ಹತ್ತಿರ ಹಿಡಿದು ನೋಡಿ ಕೇಳಿದರು: "ಒಳಗೆ ಹಕ್ಕಿ ಇತ್ತಾ?"

ತೂಫಾನು ಹೋದ ಮೇಲೆ ನಮ್ಮ ದಡದಲ್ಲಿ ಯಾವತ್ತೂ ಕಾಣದ ಹಕ್ಕಿಗಳು ಸುಸ್ತಾಗಿ ಕೂತಿರುತ್ತವೆ. ಅವು ಎಲ್ಲಿಂದ ಬಂದವು ಎಂದು ಅಪ್ಪನಿಗೆ ಮೊದಲಿನಿಂದಲೂ ಕುತೂಹಲ. ಯಾರಿಗಾದರೂ ಗೊತ್ತಾ?

ಹಕ್ಕಿನೋಟ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಇರುತ್ತವೆ ಎಂದು ಅಪ್ಪನಿಗೆ ಹೇಳಿ. ಕಡಲಹಕ್ಕಿಗಳು ಗಾಳಿಗೆ ಸಿಕ್ಕಿ ಕಣ್ಣಿನೊಳಗೆ ಸೇರುತ್ತವೆ. ಗೋಡೆ ದಾಟಿ ಹೊರಗೆ ಬರಲು ಆಗುವುದಿಲ್ಲ. ಚಂಡಮಾರುತದ ಜೊತೆಗೇ ಒಳಗೆ ಸುತ್ತುತ್ತಾ ಸಾಗುತ್ತವೆ. 2016ರಲ್ಲಿ ಮ್ಯಾಥ್ಯೂ ಚಂಡಮಾರುತ ಫ್ಲಾರಿಡಾ ಹತ್ತಿರ ಬಂದಾಗ ಅದರ ಕಣ್ಣಿನೊಳಗಿನ ಹಕ್ಕಿಗಳು ನೆಲದ ರೇಡಾರ್‌ನಲ್ಲೇ ಕಂಡವು. ದಡಕ್ಕೆ ಬಂದು ಗಾಳಿ ಕುಸಿದಾಗ ಇಳಿಯುತ್ತವೆ. ಅಪ್ಪ ನೋಡಿದ್ದರಲ್ಲಿ ಕೆಲವು ಹಾಗೆ ಬಂದವೇ ಇರಬಹುದು.

ಇನ್ನೊಂದಿದೆ. ಜಪಾನಿನಲ್ಲಿ ಒಂದು ಜಾತಿಯ ಶಿಯರ್‌ವಾಟರ್ ಹಕ್ಕಿಗೆ ಜಿಪಿಎಸ್ ಕಟ್ಟಿ ನೋಡಿದ್ದಾರೆ. ದಡ ಮತ್ತು ಟೈಫೂನ್ ನಡುವೆ ಸಿಕ್ಕಿಕೊಂಡರೆ ಅದರಲ್ಲಿ ಕೆಲವು ದಡದ ಕಡೆ ಓಡುವುದಿಲ್ಲ. ಕಣ್ಣಿನ ಕಡೆಗೇ ಹಾರುತ್ತವೆ. ಮೂವತ್ತು ಕಿಲೋಮೀಟರ್ ಹತ್ತಿರದವರೆಗೂ ಹೋಗಿ ಅಲ್ಲೇ ಗಂಟೆಗಟ್ಟಲೆ ಇರುತ್ತವೆ. ದಡಕ್ಕೆ ಬಡಿದು ಸಾಯುವುದಕ್ಕಿಂತ ಅದೇ ಅವಕ್ಕೆ ಕ್ಷೇಮ.

ದೋಣಿಮನೆ_ಹುಡುಗ
ಹೇಳಿದೆ. ಆ ಹಕ್ಕಿಯ ಫೋಟೋ ಇದ್ದರೆ ಹಾಕಿ ಎಂದರು. ನಮ್ಮ ಕಡೆ ಕಂಡದ್ದುಂಟಾ ಎಂದು ನೋಡಬೇಕಂತೆ.